ಮುಕ್ತಿಯೂ ರಕ್ಷಣೆಯೂ

ತಾನು ಮಾಡಿದ ತಪ್ಪಿನಿಂದ ಮನುಷ್ಯನು ಬಿಡುಗಡೆ ಹೊಂದುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಬಹುಕಾಲ ಪಂಡಿತರಿಗೇ ಬಿಟ್ಟುಕೊಟ್ಟಿದ್ದೆವು. ಅದು ವೇದಾಂತಿಗಳ ವಿಷಯ, ನಮ್ಮಂಥ ಸಂಸಾರಿಗಳಿಗೆ ಸಂಬಂಧಿಸಿದುದಲ್ಲವೆಂದು ಬಗೆದಿದ್ದೆವು. ಆದರೆ ಒಂದು ಗುರುವಾರ ಅಕ್ಕಲಕೋಟೆಯ ಅನ್ನಛತ್ರದ ಪಂಕ್ತಿಯಲ್ಲಿ ಕುಳಿತಾಗ ಆ ಪ್ರಶ್ನೆಯು ನಮ್ಮ ತಾಟಿನ ಮುಂದೆಯೇ ಬಂದು ಕುಳಿತಿತು.

ಸೊಲ್ಲಾಪುರದಲ್ಲಿ ನಮ್ಮದೊಂದು ಸಣ್ಣ ಅರಿವೆಯ ಅಂಗಡಿ. ತಂದೆಯವರು ತೀರಿಕೊಂಡ ಮೇಲೆ ಅದನ್ನು ನಡೆಸುವ ಭಾರ ನಮ್ಮ ಮೇಲೆ ಬಿದ್ದಿತು. ತಮ್ಮನು ತನ್ನ ಪಾಲನ್ನು ಕೇಳಿ ಪಡೆದನು. ಮೂರು ವರುಷಗಳಲ್ಲಿ ಅದನ್ನೆಲ್ಲ ಕಳೆದನು. ಒಂದು ಸಂಜೆ ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಂತನು. ನಾವು ಲೆಕ್ಕದ ಪುಸ್ತಕವನ್ನು ತೆಗೆದು ಅವನ ಮುಂದಿಟ್ಟೆವು. ಅದರಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಅವನು ಅದನ್ನು ನೋಡದೆಯೇ ಹಿಂದಿರುಗಿ ಹೋದನು. ಎರಡು ವರುಷಗಳ ತರುವಾಯ ಅವನು ಅಕ್ಕಲಕೋಟೆಯಲ್ಲಿ ತೀರಿಕೊಂಡನೆಂದು ಸುದ್ದಿ ಬಂದಿತು.

ನಮ್ಮ ಅಕ್ಕನು ಸ್ವಾಮಿ ಸಮರ್ಥರ ಭಕ್ತಳು. ಸ್ವಾಮಿಗಳು 1856ರಲ್ಲಿ ಅಕ್ಕಲಕೋಟೆಗೆ ಬಂದು 1878ರಲ್ಲಿ ಸಮಾಧಿಸ್ಥರಾಗುವವರೆಗೆ ಅಲ್ಲಿಯೇ ನೆಲೆಸಿದರು. ಅವರು ಕುಳಿತಿದ್ದ ಆಲದ ಮರದಡಿಗೆ ಮರಾಠಿಗರೂ ಕನ್ನಡಿಗರೂ ಇಂದಿಗೂ ಒಂದೇ ಸಾಲಿನಲ್ಲಿ ಬರುತ್ತಾರೆ. ಅಕ್ಕನ ಒತ್ತಾಯಕ್ಕೆ ನಾವೂ ಹೋಗಿದ್ದೆವು. ಊಟಕ್ಕೆ ಕುಳಿತಾಗ ಅವಳು ಮೆಲ್ಲನೆ ಅಂದಳು: “ತಮ್ಮಾ, ಸಣ್ಣಾಂವ ಕಡೀಕಡೀಗೆ ಇಲ್ಲೇ ಕುಂತು ಉಣ್ತಿದ್ದನಂತ. ಯಾರೂ ಅವನ ಹೆಸರ ಸೈತ ಕೇಳಲಿಲ್ಲಂತ.” ನಮ್ಮ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು. ನಮ್ಮ ಬಾಗಿಲಲ್ಲಿ ಲೆಕ್ಕ ಕೇಳಿಸಿಕೊಂಡವನು ಇಲ್ಲಿ ಹೆಸರನ್ನೂ ಹೇಳದೆ ಉಂಡಿದ್ದನು.

ಈ ಸಂಗತಿಯನ್ನು ನಾವು ಹೇಳಿಕೊಂಡುದು ಒಬ್ಬರಲ್ಲಿ ಮಾತ್ರ. ಅವರು ನಿವೃತ್ತ ಉಪಾಧ್ಯಾಯರು, ಕ್ರೈಸ್ತರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕನ್ ಮರಾಠಿ ಮಿಶನ್ ಸೊಲ್ಲಾಪುರದಲ್ಲಿ ನೆಲೆಯೂರಿದ ಕಾಲದಿಂದಲೂ ಅವರ ಮನೆತನ ಆ ಸಭೆಯಲ್ಲಿದೆ. “ಮಾಸ್ತರರೇ, ನಿಮ್ಮ ಧರ್ಮವು ಇದಕ್ಕೆ ಏನು ಹೇಳುತ್ತದೆ?” ಎಂದು ಕೇಳಿದೆವು. ಅವರು ಉಪದೇಶ ಮಾಡಲಿಲ್ಲ. ಲೂಕನ ಸುವಾರ್ತೆಯಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು ನೆನಪಿಸಿದರು. ಕಿರಿಯ ಮಗನು ಪಾಲನ್ನು ಹಾಳುಮಾಡಿ ಹಿಂದಿರುಗಿದಾಗ ತಂದೆಯು ಓಡಿಹೋಗಿ ಅಪ್ಪಿಕೊಂಡುದು ಎಲ್ಲರಿಗೂ ತಿಳಿದ ಸಂಗತಿ. “ಆದರೆ ಹಿರಿಯ ಮಗನೊಬ್ಬ ಇದ್ದಾನಲ್ಲ? ಅವನು ಹೊಲದಿಂದ ಬಂದು, ತನ್ನ ದುಡಿಮೆಯ ಲೆಕ್ಕ ಹೇಳಿ, ಮನೆಯೊಳಗೆ ಬರಲು ಒಪ್ಪುವುದಿಲ್ಲ. ಅವನನ್ನು ಕರೆಯಲಿಕ್ಕೂ ತಂದೆಯೇ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಕಥೆಯು ಹೇಳುವುದೇ ಇಲ್ಲ,” ಎಂದರು. ನಾವು ತಲೆ ತಗ್ಗಿಸಿದೆವು.

ಕ್ರೈಸ್ತರು ‘ರಕ್ಷಣೆ’ ಎಂದು ಕರೆಯುವುದು ನಮ್ಮ ‘ಮುಕ್ತಿ’ಯೇ ಎಂದು ಮೊದಲು ಭಾವಿಸಿದ್ದೆವು. ವಿಚಾರಿಸಿದಂತೆ ಎರಡರ ನಡುವೆ ಅಂತರವಿರುವುದು ಕಂಡುಬಂದಿತು. ಮುಕ್ತಿಯು ಬಂಧನದಿಂದ ಬಿಡುಗಡೆ. ಬಂಧನಕ್ಕೆ ಮೂಲವು ಅವಿದ್ಯೆ ಮತ್ತು ಕರ್ಮ. ಅದರಿಂದ ಹುಟ್ಟುಸಾವುಗಳ ಸುತ್ತು. ಕ್ರೈಸ್ತರ ಪಾಪವಾದರೋ ಮುಖ್ಯವಾಗಿ ಮುರಿದುಬಿದ್ದ ಸಂಬಂಧ. ಆದುದರಿಂದ ಅವರ ರಕ್ಷಣೆಯು ಕೇವಲ ಬಿಡುಗಡೆಯಲ್ಲ, ಸಂಧಾನ. ಅದು ಮನುಷ್ಯನ ಸಾಧನೆಯಿಂದ ಬಾರದು, ಕೃಪೆಯಿಂದ ಬರುತ್ತದೆ. ಆ ಕೃಪೆಗಾಗಿ ಯೇಸುವು ಶಿಲುಬೆಯ ಮೇಲೆ ಬೆಲೆ ತೆತ್ತನು ಎಂಬುದು ಅವರ ನಂಬಿಕೆ. ಅವರು ಹಾರೈಸುವುದು ಮರುಹುಟ್ಟಿಲ್ಲದ ಲಯವನ್ನಲ್ಲ, ಪುನರುತ್ಥಾನವನ್ನು. ನಂಬಿಕೆ ಮತ್ತು ಕ್ರಿಯೆಗಳ ಸ್ಥಾನದ ವಿಷಯದಲ್ಲಿ ಅವರಲ್ಲಿಯೇ ದೊಡ್ಡ ವಿವಾದ ನಡೆಯಿತು. 1517ರಲ್ಲಿ ಲೂಥರನು ಎತ್ತಿದ ದನಿಯಿಂದ ಸಭೆಯು ಒಡೆಯಿತು. ರೋಮಿನ ಸಭೆಯೂ ಲೂಥರನ್ ಸಭೆಗಳ ಒಕ್ಕೂಟವೂ ಈ ವಿಷಯದ ಮೂಲತತ್ತ್ವಗಳಲ್ಲಿ ಒಮ್ಮತಕ್ಕೆ ಬಂದು ಸಹಿ ಹಾಕಿದ್ದು 1999ರಲ್ಲಿ.

ಇದಕ್ಕೆ ತೀರ ಎದುರು ನಿಲ್ಲುವುದು ಜೈನರ ಮಾರ್ಗ. ಜೀವರಾಜ ಜೈನ ಗ್ರಂಥಮಾಲೆಯ ಮೂಲಕ ಸೊಲ್ಲಾಪುರವು ಆ ಧರ್ಮದ ಅನೇಕ ಪ್ರಾಚೀನ ಗ್ರಂಥಗಳನ್ನು ನಾಡಿಗೆ ನೀಡಿದೆ. ಅಲ್ಲಿ ಕ್ಷಮಿಸುವ ಕರ್ತನಿಲ್ಲ. ಅಂಟಿದ ಕರ್ಮವನ್ನು ಜೀವನು ತಾನೇ ತಪಸ್ಸಿನಿಂದ ಕಳೆದುಕೊಳ್ಳಬೇಕು. ಲೆಕ್ಕದ ಪುಸ್ತಕದೊಡನೆ ಬಾಳಿದ ನಮಗೆ ಈ ನಿಷ್ಠುರ ನ್ಯಾಯದ ಮೇಲೆ ಗೌರವ ಹುಟ್ಟುತ್ತದೆ. ಆದರೆ ತೀರಿಹೋದ ತಮ್ಮನ ಸಾಲವನ್ನು ಯಾವ ತಪಸ್ಸಿನಿಂದ ತೀರಿಸೋಣ?

ಉತ್ತರವನ್ನು ಹುಡುಕುತ್ತ ನಮ್ಮೂರಿನ ಸಿದ್ಧರಾಮೇಶ್ವರನ ಕೆರೆಯ ದಂಡೆಗೆ ಹೋದೆವು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಅಗೆಸಿದ ಕೆರೆ, ನೆಲೆಗೊಳಿಸಿದ ಅರುವತ್ತೆಂಟು ಲಿಂಗ, ಇವೆಲ್ಲ ಅವನ ಹೆಸರಿನಲ್ಲಿವೆ. ಶೂನ್ಯಸಂಪಾದನೆಯ ಕಥನದಲ್ಲಿ ಅಲ್ಲಮಪ್ರಭುವು ಆ ಕೆರೆಯ ಕೆಲಸದ ನಡುವೆಯೇ ಬಂದು, ಇಂಥ ಮಹಾಕರ್ಮಿಯನ್ನು ಒಡ್ಡನೆಂದು ಹೀಗಳೆಯುತ್ತಾನೆ. ಕೆರೆ ಕಟ್ಟಿದುದು ತಪ್ಪಲ್ಲ. ‘ನಾನು ಕಟ್ಟಿದೆ’ ಎಂಬುದೇ ಬಂಧನ. ಸಿದ್ಧರಾಮನು ಅದನ್ನರಿತು ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನಿಂದ ದೀಕ್ಷೆ ಪಡೆದನು. ‘ಮನೆಯನ್ನು ನಾವೇ ಉಳಿಸಿದೆವು’ ಎಂಬ ನಮ್ಮ ಮಾತೂ ಇದೇ ಜಾತಿಯದಲ್ಲವೆ? ಅಲ್ಲಮನೂ ಲೂಕನ ಕಥೆಯ ತಂದೆಯೂ ಒಂದೇ ರೋಗವನ್ನು ಗುರುತಿಸಿದ್ದಾರೆ. ಮದ್ದು ಮಾತ್ರ ಬೇರೆ: ಒಬ್ಬನದು ಅರಿವು, ಇನ್ನೊಬ್ಬನದು ಅಕ್ಕರೆಯ ಕರೆ.

ಕೃಪೆಯ ಮಾತು ನಮ್ಮ ನಾಡಿಗೆ ಹೊಸದೆಂದು ಯಾರೂ ತಿಳಿಯಬಾರದು. ಶ್ರೀವೈಷ್ಣವರಲ್ಲಿ ಒಂದು ಪಂಗಡವು ಮಂಗನ ಮರಿಯಂತೆ ಜೀವನೂ ದೇವರನ್ನು ಹಿಡಿದುಕೊಳ್ಳಬೇಕೆಂದಿತು. ಇನ್ನೊಂದು, ಬೆಕ್ಕಿನ ಮರಿಯಂತೆ ಸುಮ್ಮನಿದ್ದರೆ ಅವನೇ ಎತ್ತಿಕೊಳ್ಳುವನೆಂದಿತು. ಮಧ್ವಮತದಲ್ಲಿ ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲ. ಶರಣರ ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದ ಮೇಲೂ, ತಮ್ಮನ್ನು ಕ್ರಿಸ್ತನ ಬಳಿಗೆ ತಲುಪಿಸಿದವನು ತುಕಾರಾಮನೆಂದು ನಂಬಿದ್ದರು. ಹಾಗಾದರೆ ಎಲ್ಲ ಧರ್ಮಗಳೂ ಒಂದೇ ಎನ್ನೋಣವೆ? ಮಿತ್ರರು ಅದನ್ನು ಒಪ್ಪಲಿಲ್ಲ; ಒಪ್ಪದಿದ್ದುದೇ ನಮಗೆ ಹಿಡಿಸಿತು. ಕೃಪೆಯ ದಾರಿ ಅವರಿಗೆ ಒಬ್ಬನಲ್ಲಿಯೇ, ಒಂದೇ ಘಟನೆಯಲ್ಲಿಯೇ ತೆರೆದಿದೆ. “ಹಾಗಾದರೆ ನಮ್ಮ ಅಕ್ಕನ ಗತಿಯೇನು?” ಎಂದೆವು. ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತನನ್ನರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯವೆಂದು ರೋಮಿನ ಸಭೆಯು 1964ರಲ್ಲಿ ಸಾರಿದುದನ್ನೂ, ಎಲ್ಲ ಕ್ರೈಸ್ತರು ಅದನ್ನು ಒಪ್ಪದಿರುವುದನ್ನೂ ಹೇಳಿ, “ತೀರ್ಪು ಕೊಡುವ ಕುರ್ಚಿ ನನ್ನದಲ್ಲ,” ಎಂದು ನಕ್ಕರು.

ನಮ್ಮಲ್ಲಿ ಕೊನೆಯ ಆಕ್ಷೇಪವೊಂದು ಉಳಿದಿತ್ತು. “ಅನ್ಯಾಯವಾದುದು ತಮ್ಮನಿಗೆ. ದೇವರು ನಮ್ಮನ್ನು ಕ್ಷಮಿಸಿಬಿಟ್ಟರೆ ಅದು ತೀರ ಅಗ್ಗದ ವ್ಯಾಪಾರವಲ್ಲವೆ?” ಆಗ ಅವರು ಜಕ್ಕಾಯನೆಂಬ ಸುಂಕದವನ ಕಥೆಯನ್ನು ಹೇಳಿದರು. ಜನರನ್ನು ಸುಲಿದವನ ಮನೆಗೆ ಯೇಸುವು ತಾನಾಗಿಯೇ ಅತಿಥಿಯಾಗಿ ಹೋದನು. ಆ ಬಳಿಕ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ಪಡೆದುದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದೂ ಎದ್ದು ನಿಂತನು. “ಅನುಕ್ರಮವನ್ನು ನೋಡಿರಿ. ಲೆಕ್ಕ ತೀರಿದ ಮೇಲೆ ಅತಿಥಿ ಬರಲಿಲ್ಲ. ಅತಿಥಿ ಬಂದುದರಿಂದ ಲೆಕ್ಕ ತೀರಿತು.”

ನಾವು ಮತಾಂತರ ಹೊಂದಲಿಲ್ಲ. ಮಿತ್ರರು ಅದನ್ನು ಕೇಳಲೂ ಇಲ್ಲ. ಆದರೆ ಪ್ರಸಾದವೆಂಬ ನಮ್ಮದೇ ಶಬ್ದದ ಅರ್ಥವನ್ನು ನಾವು ತಿಳಿದುದು ಅನ್ನಛತ್ರದ ತಾಟಿನಿಂದ ಮತ್ತು ಕ್ರೈಸ್ತರೊಬ್ಬರ ಬಾಯಿಂದ. ಅದನ್ನು ಮುಚ್ಚಿಡುವುದು ಕೃತಘ್ನತೆಯಾದೀತು.

ತಮ್ಮನ ಹೆಂಡತಿ, ಮಗ ಆಳಂದದ ತವರುಮನೆಯಲ್ಲಿದ್ದರು. ಮುಂದಿನ ಭಾನುವಾರ ಅಕ್ಕನೊಡನೆ ಅಲ್ಲಿಗೆ ಹೋದೆವು. ಈ ಸಲ ಲೆಕ್ಕದ ಪುಸ್ತಕವನ್ನು ಒಯ್ಯಲಿಲ್ಲ. ಅಂಗಡಿಯಲ್ಲಿ ಹುಡುಗನಿಗೆ ಪಾಲುಂಟೆಂದು ಬರೆದ ಕಾಗದ ಮಾತ್ರ ಜೇಬಿನಲ್ಲಿತ್ತು. ಏನು ಹೇಳಬೇಕೆಂದು ತೋಚದೆ ಹೊಸ್ತಿಲ ಹೊರಗೆ ನಿಂತೆವು. ಆಕೆ ನಮ್ಮನ್ನು ನೋಡಿದಳು. ಏನನ್ನೂ ಕೇಳದೆ ಒಂದು ತಂಬಿಗೆ ನೀರು ತಂದಿಟ್ಟು, “ಒಳಗ ಬರ್ರಿ, ಭಾವಾರ,” ಎಂದಳು.