ನಮ್ಮ ರೂಪಾಯಿ ದೊಡ್ಡದಾದ ಊರಿನಲ್ಲಿ

2022ರ ಸೆಪ್ಟೆಂಬರ್ ಕೊನೆಯ ವಾರ. ಆಫೀಸಿನ ಕೆಲಸಕ್ಕೆಂದು ಚೆನ್ನೈನಿಂದ ಕೊಲಂಬೊಗೆ ಹೋಗಿದ್ದೆ. ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಾಯಿಸಿಕೊಂಡಾಗ, ನಿಜ ಹೇಳುತ್ತೇನೆ, ಖುಷಿಯೇ ಆಯಿತು. ವರ್ಷದ ಆರಂಭದಲ್ಲಿ ಡಾಲರಿಗೆ 200ರ ಆಸುಪಾಸಿನಲ್ಲಿದ್ದ ಲಂಕಾ ರೂಪಾಯಿ ಆಗ 360 ಮುಟ್ಟಿತ್ತು. ನಮ್ಮ ಒಂದು ರೂಪಾಯಿಗೆ ಅಲ್ಲಿನ ನಾಲ್ಕಕ್ಕಿಂತ ಹೆಚ್ಚು! ಪರ್ಸು ಮಡಿಚಲು ಬಾರದಷ್ಟು ನೋಟು.

ಮರುದಿನ ಬೆಳಿಗ್ಗೆ ಆಟೊದವರ ಹತ್ತಿರ ಅಭ್ಯಾಸಬಲದಿಂದ ಚೌಕಾಶಿ ಮಾಡಿ 200 ರೂಪಾಯಿ ಇಳಿಸಿದೆ. ಅವರು ಮಾತಾಡದೆ ಒಪ್ಪಿದರು. ತಮಿಳು ಮಾತಾಡುವವರು, ವಯಸ್ಸು ಐವತ್ತರ ಮೇಲೆ. ನನ್ನ ಚೆನ್ನೈ ತಮಿಳು ಕೇಳಿ ನಕ್ಕರು. ಉಳಿದ ದಿನಗಳಿಗೂ ಅವರನ್ನೇ ಗೊತ್ತು ಮಾಡಿಕೊಂಡೆ.

ದಾರಿಯಲ್ಲಿ ಪೆಟ್ರೋಲ್ ಬಂಕ್ ಬಂದಾಗ ಮೊಬೈಲಿನ ಕ್ಯೂಆರ್ ಕೋಡ್ ತೋರಿಸಿದರು. ಆಟೊಗೆ ವಾರಕ್ಕೆ 5 ಲೀಟರ್ ಅಂತೆ. ಹಿಂದಿನ ಡಿಸೆಂಬರಿನಲ್ಲಿ ಲೀಟರಿಗೆ 177 ಇದ್ದದ್ದು ಜೂನ್ ಕೊನೆಗೆ 470 ಆಗಿತ್ತು. "ಆ ದರಕ್ಕೂ ಸಿಗುತ್ತಿರಲಿಲ್ಲ ತಂಬಿ. ಎರಡು ರಾತ್ರಿ ಸಾಲಿನಲ್ಲೇ ಮಲಗಿದ್ದೆ."

ಕಾರಣಗಳನ್ನು ನಾವೆಲ್ಲ ಓದಿದ್ದೇವೆ. 2019ರ ತೆರಿಗೆ ಕಡಿತ, ಕೋವಿಡ್‌ನಿಂದ ನಿಂತ ಪ್ರವಾಸೋದ್ಯಮ, 2021ರಲ್ಲಿ ರಾತ್ರೋರಾತ್ರಿ ಬಂದ ರಾಸಾಯನಿಕ ಗೊಬ್ಬರದ ನಿಷೇಧ, ಬೆಟ್ಟದಷ್ಟು ಸಾಲ. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲ ತೀರಿಸಲಾಗದು ಎಂದಿತು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ನಾನು ಹೋದಾಗ ಗಾಲ್ ಫೇಸ್ ಕಡಲ ದಂಡೆಯಲ್ಲಿ ಪ್ರತಿಭಟನೆಯ ಡೇರೆಗಳಿರಲಿಲ್ಲ. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು.

ಅಲ್ಲೇ ಗಾಡಿಯೊಂದರಲ್ಲಿ ಪರಿಪ್ಪು ವಡೆ ತಿಂದೆವು. ಥೇಟ್ ನಮ್ಮ ಅಂಬೊಡೆ. ನಾನು ಹಾಲಿನ ಚಹಾ ಹೇಳಿದೆ, ಅವರು ಪ್ಲೇನ್ ಟೀ. ಅಲ್ಲಿ ಹಾಲಿನ ಚಹಾ ಎಂದರೆ ಹೆಚ್ಚಾಗಿ ಹಾಲಿನ ಪುಡಿಯದು. ಪುಡಿ ಬರುವುದು ಹೊರದೇಶದಿಂದ, ಡಾಲರಿಗೆ. ಡಾಲರ್ ಏರಿದ್ದು ನೇರ ಲೋಟಕ್ಕೇ ತಟ್ಟಿತ್ತು. ನಿಮಗೂ ಹಾಲಿನದೇ ಹೇಳುತ್ತೇನೆ ಎಂದೆ. "ಬೇಡ. ಮನೆಯಲ್ಲಿ ಎಲ್ಲರೂ ಬಿಟ್ಟಿದ್ದೇವೆ. ಮತ್ತೆ ರೂಢಿ ಮಾಡಿಸಬೇಡಿ, ಆಮೇಲೆ ಕಷ್ಟ."

ನನ್ನ ವಡೆ ಅಗ್ಗವಾದದ್ದಕ್ಕೂ ಅವರ ಚಹಾದಲ್ಲಿ ಹಾಲಿಲ್ಲದ್ದಕ್ಕೂ ಕಾರಣ ಒಂದೇ, ಆ 360. ಅದು ಆಗ ಹೊಳೆಯಿತು. ಬೆಳಿಗ್ಗೆ ಉಳಿಸಿದ 200 ಎಂದರೆ ನನಗೆ ನಲವತ್ತೈದು ರೂಪಾಯಿ. ಅವರಿಗೆ ಅಷ್ಟೇ ಅಲ್ಲ.

ಶುಕ್ರವಾರ, ಸೆಪ್ಟೆಂಬರ್ 30ರಂದು ಆ ತಿಂಗಳ ಅಂಕಿ ಬಂತು. ಕೊಲಂಬೊದ ಹಣದುಬ್ಬರ ಶೇ. 69.8, ಆಹಾರದ್ದು ಶೇ. 94.9. ವರ್ಷದ ಹಿಂದೆ 100 ರೂಪಾಯಿಗೆ ಸಿಗುತ್ತಿದ್ದ ಅಡುಗೆ ಸಾಮಾನಿಗೆ ಈಗ 195. "ನಿಮ್ಮ ಬಾಡಿಗೆ ದರವೂ ಏರಿರಬೇಕಲ್ಲ?" ಎಂದು ಕೇಳಿದೆ. "ದರ ಏರಿದೆ, ಹತ್ತುವವರು ಕಡಿಮೆಯಾಗಿದ್ದಾರೆ."

ಹೊರಡುವ ದಿನ ಬಾಡಿಗೆಯ ಮೇಲೆ 2000 ಸೇರಿಸಿ ಕೊಟ್ಟೆ. ಎಣಿಸಿ, ಮಾತಾಡದೆ ಜೇಬಿಗಿಟ್ಟುಕೊಂಡರು. ಮೊದಲ ದಿನ ಚೌಕಾಶಿಗೆ ಒಪ್ಪಿದಾಗಲೂ ಹೀಗೇ ಸುಮ್ಮನಿದ್ದರು.

ಚೆನ್ನೈಗೆ ಬಂದ ಮೇಲೆ ಸ್ನೇಹಿತರ ಗುಂಪಿನಲ್ಲಿ ಒಬ್ಬರು ಕೇಳಿದರು, "ಲಂಕಾ ಈಗ ಚೀಪಂತೆ, ದೀಪಾವಳಿ ರಜೆಗೆ ಹೋಗಬಹುದಾ?"

"ಹೋಗಿ ಬನ್ನಿ, ಅವರಿಗೆ ಡಾಲರ್ ಬೇಕು" ಎಂದು ಬರೆದೆ. "ಆಟೊದವರ ಹತ್ತಿರ ಮಾತ್ರ ಚೌಕಾಶಿ ಮಾಡಬೇಡಿ."