ಅಕ್ಕನ ಮಗ ಬಂಧುವಲ್ಲವೇ?

ಅಮೆರಿಕದಿಂದ ಹಣ ಬಂದದ್ದು 2023ರ ನವೆಂಬರಿನಲ್ಲಿ. ಅದು ಯಾರ ಹಣ, ಕಳಿಸಿದವರು ನಮಗೇನಾಗಬೇಕು ಎಂದು ಸರ್ಕಾರಕ್ಕೆ ತಿಳಿಸಬೇಕಾಗಿ ಬಂದದ್ದು ಮರುವರ್ಷದ ಜುಲೈನಲ್ಲಿ. ನಡುವಣ ಎಂಟು ತಿಂಗಳು ನಾವು ಸುಖವಾಗಿ ನಿದ್ದೆ ಮಾಡಿದೆವು. ಮಾವನಿಗೆ ಅಕ್ಕನ ಮಗ ಕೊಟ್ಟ ದುಡ್ಡು; ಇದರಲ್ಲಿ ಯಾರಿಗೆ ಏನು ಹೇಳುವುದಿದೆ ಎಂಬುದೇ ನಮ್ಮ ಭಾವನೆಯಾಗಿತ್ತು.

ಈ ಹುಡುಗ ರೋಹಿಣಿಯ ನಮ್ಮ ಡಿ.ಡಿ.ಎ. ಮನೆಗೆ ಬಂದದ್ದು 1997ರಲ್ಲಿ, ಅರಸೀಕೆರೆಯಲ್ಲಿ ಭಾವನವರು ತೀರಿಕೊಂಡ ವರ್ಷ. ಅಕ್ಕ ಬೆಂಗಳೂರಿನವರೆಗೆ ಬಂದು ಅವನನ್ನು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿಸಿ, "ಮಾವನ ಮನೇಲಿ ಉಂಡ ತಟ್ಟೆ ನೀನೇ ತೊಳೀಬೇಕು" ಎಂದಷ್ಟೇ ಹೇಳಿ ಕಳಿಸಿದ್ದಳಂತೆ. ಹನ್ನೊಂದು, ಹನ್ನೆರಡನೆಯ ತರಗತಿಗಳನ್ನು ಇಲ್ಲಿಯೇ ಓದಿದ್ದರಿಂದ ದೆಹಲಿಯ ಹುಡುಗರ ಪಾಲಿನ ಸೀಟು ಸಿಕ್ಕಿ, ಬವಾನಾ ರಸ್ತೆಯ ದೆಹಲಿ ಕಾಲೇಜ್ ಆಫ್ ಎಂಜಿನಿಯರಿಂಗ್ ಸೇರಿದ. (2009ರಿಂದ ಅದು ವಿಶ್ವವಿದ್ಯಾಲಯ.) ಬಾಲ್ಕನಿಗೆ ಗಾಜು ಹಾಕಿಸಿ ಅವನಿಗೊಂದು ಕೋಣೆ ಮಾಡಿಕೊಟ್ಟೆವು. ಜನವರಿಯಲ್ಲಿ ಅದು ಐಸ್ ಪೆಟ್ಟಿಗೆ, ಜೂನಿನಲ್ಲಿ ಒಲೆ. ಮೆಟ್ರೋ ರಿಠಾಲಾದವರೆಗೆ ಬಂದದ್ದು 2004ರಲ್ಲಿ. ಅಷ್ಟರೊಳಗೆ ಅವನ ಓದೇ ಮುಗಿದಿತ್ತು. ಆರು ವರ್ಷವೂ ಬಸ್ಸಿನ ಬಾಗಿಲಲ್ಲಿ ಜೋತಾಡಿದ. ಅವನ ಫೀಸು ಕಟ್ಟಿದವರು ನಾವು ಎಂದು ಬರೆಯಲು ಸಂಕೋಚವಾಗುತ್ತದೆ. ಆದರೆ ಮುಂದೆ ಬರುವ ಲೆಕ್ಕಕ್ಕೆ ಆ ಮಾತು ಬೇಕು.

ಈಗ ಅವನು ನ್ಯೂಜೆರ್ಸಿಯಲ್ಲಿದ್ದಾನೆ. ನಮ್ಮಾಕೆಯ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ಡಾಕ್ಟರು ಹೇಳಿದ್ದನ್ನು ನಾವು ಅವನಿಗೆ ತಿಳಿಸಿರಲಿಲ್ಲ, ಅಕ್ಕ ತಿಳಿಸಿದ್ದಳು. ಕೆಲವೇ ದಿನಗಳಲ್ಲಿ ನಮ್ಮ ಖಾತೆಗೆ 5,00,000 ರೂಪಾಯಿ ಬಂದು ಬಿತ್ತು. ಬೇಡವೆನ್ನಲು ಫೋನು ಮಾಡಿದರೆ, "ಅತ್ತೆ ಕಾಲು ಮಾವ ಅದು. ನೀವು ಮಧ್ಯೆ ಮಾತಾಡಬೇಡಿ" ಎಂದ. ನಮ್ಮಾಕೆ ಈಗ ಕೈಹಿಡಿ ಹಿಡಿಯದೆ ಮೂರು ಮಹಡಿ ಹತ್ತುತ್ತಾಳೆ.

ಜುಲೈನಲ್ಲಿ ಯಥಾಪ್ರಕಾರ ಪಿಂಚಣಿಯ ಕಾಗದ, ಠೇವಣಿಯ ಬಡ್ಡಿಯ ಕಾಗದ, ಪಾಸ್‌ಬುಕ್ಕು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನಮ್ಮ ಸೆಕ್ಟರಿನ ಲೆಕ್ಕಪರಿಶೋಧಕರ ಬಳಿ ಹೋದೆವು. ಅವರ ಬೆರಳು ಆ ಐದು ಲಕ್ಷದ ಮೇಲೆ ನಿಂತಿತು. ಯಾರು ಕಳಿಸಿದ್ದು? "ಭಾಂಜಾ" ಎಂದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಮನೆಗಳಲ್ಲಿ ಭಾಂಜಾ ಬಂದರೆ ಮಾವನೇ ಅವನ ಕಾಲು ಮುಟ್ಟುತ್ತಾನೆ. ಆದರೆ ಆದಾಯ ತೆರಿಗೆಯ ಪಟ್ಟಿಯಲ್ಲಿ ಅವನು ಇಲ್ಲ" ಎಂದರು ಹಿಂದಿಯಲ್ಲಿ.

ಕಾನೂನು ಹೇಳುವುದಿಷ್ಟು. ಒಂದು ವರ್ಷದಲ್ಲಿ ಬಂಧುಗಳಲ್ಲದವರಿಂದ ಬಂದ ಉಡುಗೊರೆ ಹಣ ಒಟ್ಟು 50,000 ರೂಪಾಯಿ ಮೀರಿದರೆ ಅದು ಪಡೆದವನ ಆದಾಯ. ಮೀರಿದ ಭಾಗ ಮಾತ್ರವಲ್ಲ, ಮೊದಲ ರೂಪಾಯಿಯಿಂದ ಪೂರ್ತಿ. ಬಂಧುವಿನಿಂದ ಬಂದರೆ ಮಿತಿಯೇ ಇಲ್ಲ, ತೆರಿಗೆಯೂ ಇಲ್ಲ. ಹಾಗಾದರೆ ಬಂಧು ಯಾರು? ಗಂಡ ಅಥವಾ ಹೆಂಡತಿ, ನಮ್ಮ ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆತಾಯಿಗಳ ಒಡಹುಟ್ಟಿದವರು, ನಮ್ಮ ಮತ್ತು ಅವರ ನೇರ ಪೀಳಿಗೆಯ ಹಿರಿಯರು, ಮಕ್ಕಳು, ಮೊಮ್ಮಕ್ಕಳು, ಮತ್ತು ಇವರೆಲ್ಲರ ಗಂಡ ಹೆಂಡಿರು. ಪಟ್ಟಿ ಉದ್ದವಾಗಿಯೇ ಇದೆ. ಆದರೆ ಅದನ್ನು ಓದಬೇಕಾದದ್ದು ಹಣ ಪಡೆದವನ ಕಡೆಯಿಂದ. ನಾವು ಹುಡುಗನಿಗೆ ಕೊಟ್ಟರೆ ನಾವು ಅವನ ತಾಯಿಯ ಒಡಹುಟ್ಟಿದವರು, ಆದ್ದರಿಂದ ಬಂಧು. ಅವನು ನಮಗೆ ಕೊಟ್ಟರೆ ಅವನು ಒಡಹುಟ್ಟಿದವಳ ಮಗ. ಆ ಸಾಲೇ ಪಟ್ಟಿಯಲ್ಲಿಲ್ಲ. ಫೀಸು ಕಟ್ಟಿದ ದಿನಗಳಲ್ಲಿ ನಾವು ಅವನ ಬಂಧುಗಳಾಗಿದ್ದೆವು. ಅವನು ಹಿಂತಿರುಗಿ ನೋಡಿದ ದಿನ ಪರಕೀಯನಾದ.

ಇದನ್ನು ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಹೇಳಿದೆವು. ಉಡುಪಿ ಕಡೆಯ ಸ್ನೇಹಿತರೊಬ್ಬರು ನಕ್ಕೇ ನಕ್ಕರು. ಅವರ ಸೀಮೆಯ ಅಳಿಯಸಂತಾನದಲ್ಲಿ ಮನೆತನವೇ ಸೋದರಳಿಯನದು, ಮಗನದಲ್ಲ. ಭೂತಾಳ ಪಾಂಡ್ಯನ ಹೆಸರಿನಲ್ಲಿ ನಡೆದು ಬಂದ ಆ ಕಟ್ಟಿಗೆ ಮದರಾಸು ಸರ್ಕಾರ 1949ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತ್ತು. ಮಂಗಳೂರಿನಲ್ಲಿ ವಾರಸುದಾರ, ದೆಹಲಿಯಲ್ಲಿ ಹೊರಗಿನವ!

ನಮ್ಮ ಸೀಮೆಯವರಿಗೂ ಇಲ್ಲೊಂದು ಗುಂಡಿಯಿದೆ. ಕನ್ನಡದಲ್ಲಿ ದೊಡ್ಡಪ್ಪನ ಮಗ ಅಣ್ಣ, ಚಿಕ್ಕಮ್ಮನ ಮಗಳು ತಂಗಿ. 'ಅಮೆರಿಕದಲ್ಲಿ ನಮ್ಮಣ್ಣ ಇದ್ದಾನೆ' ಎಂದು ನಾವೆಲ್ಲ ಬಾಯಿತುಂಬ ಹೇಳುತ್ತೇವೆ. ಯಾವ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಎಂದು ಯಾರೂ ಕೇಳುವುದಿಲ್ಲ. ತೆರಿಗೆ ಇಲಾಖೆ ಕೇಳುತ್ತದೆ. ದೊಡ್ಡಪ್ಪ ಸ್ವತಃ ಕಳಿಸಿದರೆ ಬಂಧು, ದೊಡ್ಡಪ್ಪನ ಮಗ ಕಳಿಸಿದರೆ ಅಲ್ಲ. ಒಳ್ಳೆಯ ಮನಸ್ಸಿನಿಂದಲೇ 'ಬ್ರದರ್' ಎಂದು ಬರೆದು ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿಯೋ.

ಸಲಹೆಗಳಿಗೆ ಬರವಿರಲಿಲ್ಲ. ಮಗ ಎಂದು ಬರೆಯಿರಿ, ಯಾರು ನೋಡುತ್ತಾರೆ ಎಂದರು ಒಬ್ಬರು. ಕೈಗಡ ಎಂದು ತೋರಿಸಿ ಎಂದರು ಇನ್ನೊಬ್ಬರು. ಮಗನೆಂದು ಬರೆಯಲು ಕೈ ಬಂದೀತು. ಅವನ ಅಪ್ಪನ ಹೆಸರಿನ ಜಾಗದಲ್ಲಿ ನಮ್ಮ ಹೆಸರು ಬರೆದಂತಾಗುವುದಿಲ್ಲವೇ? ಭಾವನವರು ಸತ್ತಿದ್ದಾರೆ, ಅಳಿಸಿಹೋಗಿಲ್ಲ. ಸಾಲವೆನ್ನುವುದು ಇನ್ನೂ ಕಷ್ಟ. ಮೂರನೆಯ ಸಲಹೆ ಮಾತ್ರ ಕಾನೂನಿನೊಳಗಿನದು: ಹುಡುಗ ತಾಯಿಗೆ ಕೊಡಲಿ, ತಾಯಿ ತಮ್ಮನಿಗೆ ಕೊಡಲಿ, ಎರಡಕ್ಕೂ ತೆರಿಗೆಯಿಲ್ಲ. ನಿಜ. ಆದರೆ ಅಕ್ಕ ಬರಿಯ ಕಾಲುವೆಯಾಗಿ ನಿಂತಳೆಂದು ಅಧಿಕಾರಿಗೆ ತೋರಿದರೆ ಅವನು ಪ್ರಶ್ನಿಸದೆ ಬಿಡಬೇಕಾಗಿಲ್ಲ. ಅದಲ್ಲದೆ ಹಣ ಬಂದು, ಖರ್ಚಾಗಿ, ನಮ್ಮಾಕೆ ನಡೆದಾಡುತ್ತಿದ್ದ ಮೇಲೆ ಬಂದ ಬುದ್ಧಿ ಇದು.

ಹೀಗಾಗಿ 'ಇತರ ಮೂಲಗಳ ಆದಾಯ' ಎಂಬಲ್ಲಿ ತೋರಿಸಿದೆವು. ಲೆಕ್ಕ ಇಷ್ಟು: ಪಿಂಚಣಿ, ಬಡ್ಡಿ ಸೇರಿ, ಕಡಿತ ಕಳೆದು ಉಳಿಯುತ್ತಿದ್ದ ಆದಾಯ 6,70,000. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆ. ಐದು ಲಕ್ಷ ಸೇರಿ 11,70,000 ಆಯಿತು. ತೆರಿಗೆ 85,500, ಸೆಸ್ಸು 3,420, ಒಟ್ಟು 88,920. ಅರವತ್ತು ದಾಟಿ ವ್ಯಾಪಾರವಿಲ್ಲದವರಿಗೆ ಮುಂಗಡ ತೆರಿಗೆಯ ಬಾಧ್ಯತೆ ಇಲ್ಲವಾದ್ದರಿಂದ ಅದರ ಬಡ್ಡಿ ಬೀಳಲಿಲ್ಲ. ವಯಸ್ಸಾದದ್ದಕ್ಕೆ ಇದೊಂದು ಲಾಭ.

ಹಿಂದೆ ಹೀಗಿರಲಿಲ್ಲ. 1958ರ ದಾನ ತೆರಿಗೆ ಕಾಯ್ದೆಯಲ್ಲಿ ತೆರಿಗೆ ಕಟ್ಟಬೇಕಾದವನು ಕೊಟ್ಟವನು, ಪಡೆದವನಲ್ಲ. 1991ರಲ್ಲಿ ದೇಶದ ಬೊಕ್ಕಸದಲ್ಲಿ ವಿದೇಶಿ ವಿನಿಮಯ ಬರಿದಾದಾಗ, ಹೊರದೇಶದಿಂದ ಉಡುಗೊರೆಯಾಗಿ ಬರುವ ಹಣದ ಮೂಲ ಕೇಳುವುದಿಲ್ಲವೆಂದು ಸರ್ಕಾರ ಕೆಲವು ಕಾಲ ಕಾಯ್ದೆ ಮಾಡಿಯೇ ಅಭಯ ಕೊಟ್ಟಿತ್ತು. 1998ರ ಅಕ್ಟೋಬರ್ 1ರಿಂದ ದಾನ ತೆರಿಗೆಯೇ ಹೋಯಿತು. 2004ರ ಸೆಪ್ಟೆಂಬರಿನಲ್ಲಿ ಅದು ತಲೆಕೆಳಗಾಗಿ, ಪಡೆದವನ ಮೇಲೆ, ಮರಳಿ ಬಂತು; ಮೊದಲು ಮಿತಿ 25,000, ಆಮೇಲೆ 50,000. 2026ರ ಏಪ್ರಿಲ್‌ನಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ. ಸೋದರಳಿಯ ಅದರಲ್ಲೂ ಸೇರಿಲ್ಲ.

ಮಕ್ಕಳು ಹೊರದೇಶದಲ್ಲಿರುವ ನಮ್ಮ ಓದುಗರು ಗಾಬರಿಯಾಗಬೇಕಾಗಿಲ್ಲ. ಮಗ, ಮಗಳು, ಸೊಸೆ, ಅಳಿಯ ಎಷ್ಟು ಕಳಿಸಿದರೂ ತೆರಿಗೆಯಿಲ್ಲ. (ಮಗಳ ಗಂಡನಾದ ಅಳಿಯ ಬಂಧು, ಅಕ್ಕನ ಮಗನಾದ ಅಳಿಯ ಅಲ್ಲ, ನಮ್ಮ ಭಾಷೆಗೆ ಇಬ್ಬರೂ ಅಳಿಯಂದಿರೇ.) ಮದುವೆಯಲ್ಲಿ ವಧೂವರರಿಗೆ ಯಾರು ಕೊಟ್ಟರೂ ತೆರಿಗೆಯಿಲ್ಲ; ಆದರೆ ಅದೇ ಸಂಭ್ರಮದಲ್ಲಿ ಹುಡುಗಿಯ ತಂದೆಗೆ ಗೆಳೆಯರು ಕೊಟ್ಟದ್ದಕ್ಕೆ ಆ ರಕ್ಷೆ ಇಲ್ಲ. ತೆರಿಗೆ ಇಲ್ಲದಿದ್ದರೂ ಕಾಗದ ಇರಬೇಕು: ಕೊಟ್ಟವರು ಯಾರು, ಸಂಬಂಧವೇನು, ಎಷ್ಟು, ಯಾವ ದಿನ ಎಂದು ಕೊಟ್ಟವರ ಸಹಿಯಿರುವ ಒಂದು ಪತ್ರ, ಜೊತೆಗೆ ಬ್ಯಾಂಕಿನ ದಾಖಲೆ. ಕೇಳಿದಾಗ, ಕೊಟ್ಟವನು ಇದ್ದಾನೆ, ಅವನಿಗೆ ಕೊಡುವ ಶಕ್ತಿ ಇದೆ ಎಂದು ತೋರಿಸುವ ಹೊಣೆ ಪಡೆದವನದು. ಇನ್ನೊಂದು ಸಂಗತಿ. ಕಳಿಸಿದ ಬಂಧು ಹೊರದೇಶದ ಪೌರತ್ವ ಪಡೆದಿದ್ದರೆ ಗೃಹ ಸಚಿವಾಲಯದ ಬಾಗಿಲೂ ಇದೆ: ವಿದೇಶಿ ದೇಣಿಗೆ ನಿಯಮಗಳ ಪ್ರಕಾರ ವರ್ಷಕ್ಕೆ 10 ಲಕ್ಷ ಮೀರಿದರೆ ಮೂರು ತಿಂಗಳೊಳಗೆ ತಿಳಿಸಬೇಕು. 2022ರ ಜುಲೈಗೆ ಮುಂಚೆ ಆ ಮಿತಿ 1 ಲಕ್ಷ, ಗಡುವು 30 ದಿನವಿತ್ತು. ನಮ್ಮ ಹುಡುಗನದು ಇನ್ನೂ ಭಾರತದ ಪಾಸ್‌ಪೋರ್ಟು. ಆ ಬಾಗಿಲು ನಾವು ತಟ್ಟಬೇಕಾಗಲಿಲ್ಲ.

ತೆರಿಗೆ ಕಟ್ಟಿದ್ದನ್ನು ಅವನಿಗೆ ಹೇಳಬಾರದೆಂದು ಮನೆಯಲ್ಲಿ ಮಾತಾಗಿತ್ತು. ನಮ್ಮಾಕೆಯ ಬಾಯಲ್ಲಿ ಅದು ಎರಡು ಭಾನುವಾರ ನಿಂತಿತು. ಕೂಡಲೆ ಫೋನು. "ಆ ಎಂಬತ್ತೆಂಟು ಸಾವಿರ ನಾನು ಕಳಿಸ್ತೀನಿ ಮಾವ."

"ಕಳಿಸಬೇಡ ಕಣೋ. ಐವತ್ತು ಸಾವಿರ ಮೀರಿದರೆ ಅದಕ್ಕೂ ತೆರಿಗೆ."

ಸ್ವಲ್ಪ ಹೊತ್ತು ಸದ್ದಿಲ್ಲ. "ಹಾಗಾದರೆ ನಾನು ನಿಮಗೆ ಏನೂ ಆಗಲ್ವಾ?" ಎಂದ. ನಗುತ್ತಲೇ ಕೇಳಿದನೆಂದು ನಮ್ಮಾಕೆ ಹೇಳುತ್ತಾಳೆ. ನಮಗೆ ಹಾಗೆ ಕೇಳಿಸಲಿಲ್ಲ.

ಹದಿನೈದು ದಿನಕ್ಕೆ ಅರಸೀಕೆರೆಯಿಂದ ಅಕ್ಕನ ಚೆಕ್ಕು ಬಂತು: 88,920, ಅವಳ ಪಿಂಚಣಿಯ ಖಾತೆಯದು. ಜೊತೆಗೆ ಒಂದು ಸಾಲು: "ಇದು ನನ್ನ ದುಡ್ಡು, ಅವನದಲ್ಲ." ಬೀರುವಿನಲ್ಲಿಟ್ಟು ಸುಮ್ಮನಾದೆವು. ಚೆಕ್ಕಿಗೆ ಮೂರು ತಿಂಗಳ ಆಯುಸ್ಸು. ಅದು ತೀರಿದ ಮೇಲೆ ಎರಡನೆಯ ಚೆಕ್ಕನ್ನು ಅಂಚೆಗೆ ಹಾಕದೆ ಡಿಸೆಂಬರಿನ ಚಳಿಯಲ್ಲಿ ತಾನೇ ಹೊತ್ತು ತಂದಳು. ಮಗನ ಬಾಲ್ಕನಿ ಕೋಣೆಯಲ್ಲೇ ಮಲಗುವೆನೆಂದು ಹಟ ಹಿಡಿದು ಮಲಗಿದಳು. ಮರುದಿನ ಶಾಲು ಹೊದ್ದು ನಮ್ಮೊಡನೆ ಬ್ಯಾಂಕಿಗೆ ನಡೆದು ಬಂದು, ಚೀಟಿ ತುಂಬಿಸುವವರೆಗೆ ಪಕ್ಕದಲ್ಲೇ ನಿಂತಳು. ಸಂಬಂಧವೇನೆಂದು ಅಲ್ಲಿ ಯಾರೂ ಕೇಳಲಿಲ್ಲ.