ತಂಬೂರಿಯೊಡನೆ ಮಿರಜಿಗೆ

ಕಳೆದ ದೀಪಾವಳಿಯ ರಜೆಯಲ್ಲಿ ನಾವು ನಾಗಣಸೂರಿನಿಂದ ಮಿರಜಿಗೆ ಹೋದದ್ದು ಒಂದು ಹಳೆಯ ತಂಬೂರಿಯ ಸಲುವಾಗಿ. ಭಜನೆಗೆ ಧ್ವನಿವರ್ಧಕ ಬಂದ ಮೇಲೆ ಹಾರ್ಮೋನಿಯಂ, ತಬಲಾಗಳ ನಡುವೆ ಅದು ಮೂಕವಾಗಿತ್ತು. ಅದಕ್ಕೂ ವಿದ್ಯುತ್ ಜೋಡಿಸಬೇಕೆಂದು ತರುಣರ ಹಟ. ಅದನ್ನು ಮೀಟುತ್ತಿದ್ದ ಹಿರಿಯರು ಈಗಿಲ್ಲ. ಅವರ ಮಡದಿ ವಾದ್ಯವನ್ನು ನಮ್ಮ ಕೈಗಿತ್ತು, “ಮಾಸ್ತರ, ಅದರ ಹೊಟ್ಟಿಗಿ ತೂತು ಹಾಕಸಬ್ಯಾಡ್ರಿ” ಎಂದರು.

ಸೊಲ್ಲಾಪುರದಿಂದ ಬಸ್ಸು ಮಂಗಳವೇಢೆಯ ಮೇಲೆ ಹಾಯುತ್ತದೆ. ಬಿಜ್ಜಳನ ಕಾಲದ ಮಂಗಳವಾಡ ಇದೇ ಎಂದು ವಾಚಕರಿಗೆ ಬೇರೆ ಹೇಳಬೇಕಿಲ್ಲ. ಮಿರಜಿನ ತಂಬೂರಿಯ ಬುರುಡೆಗಾಯಿ ಬೆಳೆಯುವುದು ಈ ಸೀಮೆಯಲ್ಲಿ. ಕಟ್ಟಿಗೆ ಬರುವುದು ಕರ್ನಾಟಕದ ಕಾಡಿನಿಂದ. ಇದೂ ನಮ್ಮಂತೆಯೇ ಎರಡೂ ಕಡೆಯದೆಂದು ಪಕ್ಕದಲ್ಲಿ ಒರಗಿದ್ದ ವಾದ್ಯವನ್ನು ನೋಡಿ ನಗು ಬಂದಿತು.

ಮಿರಜು, ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದಲ್ಲಿ ಇಲ್ಲಿ ವಾದ್ಯನಿರ್ಮಾಣಕ್ಕೆ ಹೊರಳಿದರು. ಇಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು.

ಅಂಗಡಿಯ ವೃದ್ಧ ಕುಶಲಕರ್ಮಿ ನಮ್ಮ ಬೇಡಿಕೆ ಕೇಳಿ ತಲೆಯಲ್ಲಾಡಿಸಿದರು. ಅಯಸ್ಕಾಂತದ ಪಿಕಪ್ಪು ಉಕ್ಕಿನ ತಂತಿಯ ಕಂಪನವನ್ನು ಹಿಡಿಯುತ್ತದೆ. ಖರಜದ ಹಿತ್ತಾಳೆ ತಂತಿಯನ್ನು ಅರಿಯದು. ಅದನ್ನು ಕೂಡಿಸಲು ಮುಖದ ಹಲಗೆ ಕೊರೆದರೆ ವಾದ್ಯದ ಸ್ವಂತ ನಾದವೂ ಕುಗ್ಗುತ್ತದೆ.

ಈ ಪೇಚು ತಂಬೂರಿಗೆ ಮಾತ್ರ ಬಂದದ್ದಲ್ಲ. ಅಮೇರಿಕೆಯಲ್ಲಿ ಪಿಟೀಲಿನಂತೆ ಉಬ್ಬಿದ ಮುಖದ ಗಿಟಾರುಗಳು ಬಂದವು. ಬ್ಯಾಂಜೊ ನುಡಿಸುವವರಿಗೆ ಒಗ್ಗುವಂತೆ ನಾಲ್ಕು ತಂತಿಯ ಟೆನರ್ ಗಿಟಾರೂ ಇತ್ತು. 1936ರಲ್ಲಿ ಗಿಬ್ಸನ್ ಕಂಪನಿಯ ವಿದ್ಯುತ್ ಗಿಟಾರು ಬಂದ ಬಳಿಕ ಹಳೆಯವುಗಳಿಗೂ ಪಿಕಪ್ಪು ಕೂಡಿಸುವ ರೂಢಿ ಬೆಳೆಯಿತು. ಕೆಲವರು ಹಲಗೆಯನ್ನೇ ಕೊರೆದರು. ಜಾಣರು ಅದಕ್ಕೆ ತಾಗದಂತೆ ಪಿಕಪ್ಪನ್ನು ಕೊರಳ ತುದಿಗೆ ತೂಗುಬಿಟ್ಟರು.

ನಮ್ಮ ವೃದ್ಧರು ಮಾಡಿದ್ದೂ ಅಂಥದೇ ಉಪಾಯ. ಕಟ್ಟಿಗೆಯ ಕಂಪನವನ್ನೇ ವಿದ್ಯುತ್ತಾಗಿಸುವ ನಾಣ್ಯದಷ್ಟು ಅಗಲದ ಪಿಯೆಜೊ ಬಿಲ್ಲೆಯನ್ನು ಕುದುರೆಯ ಬದಿಗೆ ಮೇಣದಿಂದ ಅಂಟಿಸಿದರು. ಬೇಡವಾದರೆ ಕಿತ್ತಿಡಬಹುದು. ಆಮೇಲೆ ಬಹಳ ಹೊತ್ತು ತಂತಿಗಳಡಿಯ ನೂಲಿನೆಳೆಗಳನ್ನು ಕೂದಲಿನಷ್ಟೇ ಸರಿಸುತ್ತ, ಕಣ್ಣುಮುಚ್ಚಿ ಝೇಂಕಾರವನ್ನು ಹುಡುಕಿದರು. ನಾವು ಮಧ್ಯಾಹ್ನದ ಊಟವನ್ನೇ ಮರೆತೆವು.

ಮುಂದಿನ ಸೋಮವಾರದ ಭಜನೆಯಲ್ಲಿ ಮೀಟಿದೊಡನೆ ಧ್ವನಿವರ್ಧಕ ಕೀರಲುಗುಟ್ಟಿತು. ತಂಬೂರಿಯನ್ನು ಅದರ ಎದುರಿನಿಂದ ಸರಿಸಿದ ಬಳಿಕ ಷಡ್ಜ ತುಂಬಿ ಬಂದಿತು. ಬಾಗಿಲಲ್ಲಿ ಕುಳಿತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ದನಿ ಅವರ ಕಾಲದ್ದ ಅದ, ಮಾಸ್ತರ. ಖರೇ, ಸ್ವಲ್ಪ ಸಣ್ಣಗ ಮಾಡ್ರಿ.”